ಕೆಂಪು ಬಂದರೆ ಒಳ್ಳೇದು

ಮಂಗಳವಾರ ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷಕ್ಕೆ ನಾವು ಮಾಡಿದ ನಕ್ಷೆ ನನಗೇ ವಾಟ್ಸಾಪಿನಲ್ಲಿ ಬಂತು. ಆಗ ನಾನು ಮಧುಗಿರಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಎರಡನೇ ತಟ್ಟೆ ಇಡ್ಲಿಗೆ ಚಟ್ನಿ ಹಾಕಿಸಿಕೊಳ್ಳುತ್ತಿದ್ದೆ. ಕಳಿಸಿದವರು ನನ್ನ ಚಿಕ್ಕಮ್ಮ. ಅವರಿಗೆ ಅವರ ಓರಗಿತ್ತಿ ಕಳಿಸಿದ್ದರಂತೆ, ಓರಗಿತ್ತಿಗೆ ಭಜನೆ ಗ್ರೂಪಿನವರು. ನಕ್ಷೆಯ ತಲೆಬರಹ ಹೋಗಿತ್ತು. ಯಾವ ಬಣ್ಣಕ್ಕೆ ಏನರ್ಥ ಎಂದು ವಿವರಿಸುವ ಮೂಲೆಯೂ ಹೋಗಿತ್ತು. ನಡುವೆ ದೊಡ್ಡದಾಗಿ ಹಾಕಿದ್ದ 'ಕರಡು' ಎಂಬ ಪದದಲ್ಲಿ 'ಕರ' ಮಾತ್ರ ಉಳಿದಿತ್ತು. ಮೇಲೆ ಯಾರೋ ಪುಣ್ಯಾತ್ಮರು ತಮ್ಮದೊಂದು ಸಾಲು ಸೇರಿಸಿದ್ದರು: 'ಈ ಕೆಂಪು ಊರುಗಳಿಗೆ ಹೆಣ್ಣು ಕೊಡುವ ಮುನ್ನ ಯೋಚಿಸಿ. ಹಲ್ಲು ಹೋಗುತ್ತೆ, ಸೊಂಟ ಹೋಗುತ್ತೆ. ಹತ್ತು ಜನಕ್ಕೆ ಕಳಿಸಿ.' ಪಕ್ಕದಲ್ಲಿ ಎರಡು ತಲೆಬುರುಡೆ, ಒಂದು ಕೈಮುಗಿದ ಚಿತ್ರ. ಚಿಕ್ಕಮ್ಮ ತಮ್ಮ ಕಡೆಯಿಂದ ಬರೆದಿದ್ದರು: 'ನೀನು ಇಂಥ ಊರುಗಳ ಕಡೆನೇ ಓಡಾಡ್ತೀಯಲ್ಲ, ಹುಷಾರು ಪುಟ್ಟಿ.'

ನಮ್ಮ ಕೆಲಸ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಊರೂರಿಗೆ ಹೋಗಿ ಕುಡಿಯುವ ನೀರು ಹಿಡಿಯುವುದು, ಆ ಜಾಗವನ್ನು ಫೋನಿನಲ್ಲಿ ಗುರುತು ಹಾಕುವುದು, ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಪರೀಕ್ಷಿಸುವುದು. ಜೊತೆಗೆ ಶಾಲೆಯಲ್ಲಿ ಮಕ್ಕಳ ಹಲ್ಲು, ಜಗಲಿಯಲ್ಲಿ ದೊಡ್ಡವರ ಮಂಡಿ ನೋಡುವುದು. ಇದೆಲ್ಲವನ್ನೂ ಕಂಪ್ಯೂಟರಿನಲ್ಲಿ ಒಂದೇ ನಕ್ಷೆಯ ಮೇಲೆ ಕೂರಿಸಿದರೆ ಯಾವ ನೀರು ಯಾರ ಮೂಳೆಗೆ ಇಳಿಯುತ್ತಿದೆ ಎನ್ನುವುದು ಕಣ್ಣಿಗೆ ಕಾಣುತ್ತದೆ. ಫ್ಲೋರೈಡ್ ಹೆಚ್ಚಿರುವ ಊರು ಕೆಂಪು, ಕಡಿಮೆ ಇರುವುದು ಹಸಿರು. ನಾವು ಇನ್ನೂ ಹೋಗದ ಊರುಗಳನ್ನು ಕಂಪ್ಯೂಟರ್ ತಾನೇ ಅಕ್ಕಪಕ್ಕ ನೋಡಿ ಅಂದಾಜಿನಲ್ಲಿ ತುಂಬಿಬಿಡುತ್ತದೆ. ಪಕ್ಕದ ಮನೆಯ ಒಗ್ಗರಣೆ ವಾಸನೆ ಮೂಗಿಗೆ ಬಡಿದರೆ ಈ ಮನೆಯಲ್ಲೂ ಅದೇ ಸಾರು ಎಂದು ಬರೆದುಕೊಳ್ಳುವ ಬುದ್ಧಿ ಅದರದ್ದು. ಕರಡು ನಕ್ಷೆಯಲ್ಲಿ ಅದಕ್ಕೆ ತೊಂದರೆ ಇರಲಿಲ್ಲ. ಆದರೆ ಯಾವುದೋ ಸಭೆಯ ಪರದೆಯ ಮೇಲೆ ಅದು ಬಿದ್ದಾಗ ಯಾರೋ ಫೋಟೊ ಹೊಡೆದುಕೊಂಡಿದ್ದರು.

ಫ್ಲೋರೈಡ್ ಎನ್ನುವ ಮಾತು ನಮ್ಮ ಕಡೆ ಬಾಯಿ ಬಾರದ ಕೂಸಿಗೂ ಗೊತ್ತು. ಆದರೆ ಅದು ಯಾವಾಗಲೂ ಪಕ್ಕದೂರಲ್ಲಿ ಇರುತ್ತದೆ. "ನಮ್ಮೂರಲ್ಲಿ ಏನೂ ಇಲ್ಲ ಮೇಡಂ, ಆ ಕಡೆ ಊರಿಗೆ ಹೋಗಿ, ಪಾಪ, ಮುದುಕರು ನಡೆಯಕ್ಕಾಗಲ್ಲ" ಎನ್ನುತ್ತಾರೆ. ಆ ಕಡೆ ಊರಿಗೆ ಹೋದರೆ ಅವರು ಈ ಕಡೆ ಕೈ ತೋರಿಸುತ್ತಾರೆ. ನಾಲ್ಕು ತಾಲ್ಲೂಕು ಸುತ್ತಿದರೂ 'ಇಲ್ಲೇ ಇದೆ' ಎಂದ ಊರು ಸಿಗಲಿಲ್ಲ. ಈಗ ನಮ್ಮ ನಕ್ಷೆ ಅದನ್ನು ಊರೂರಿಗೆ ಹಂಚಿ ಕೂತಿತ್ತು.

"ಟೆನ್ಷನ್ ಮಾಡ್ಬೇಡಿ ಮೇಡಂ, ವಾಟ್ಸಾಪಲ್ಲಿ ಬಂದಿದ್ದು ಮಧ್ಯಾಹ್ನಕ್ಕೆ ಖತಂ" ಎಂದರು ನಮ್ಮ ಡ್ರೈವರ್. ಶಿರಾದವರು, ನನ್ನ ತಂದೆಯ ವಯಸ್ಸು, ನಾನು ಭಾಯಿ ಎಂದೇ ಕರೆಯುತ್ತಿದ್ದೆ. ಆ ದಿನ ನಾವು ಹೋಗಬೇಕಿದ್ದದ್ದು ಪುರವರ ಹೋಬಳಿ ಕಡೆಯ ಒಂದು ಸಣ್ಣ ಊರಿಗೆ. ಕಂಪ್ಯೂಟರ್ ಅಂದಾಜಿನಲ್ಲಿ ಕೆಂಪು ಬಳಿದಿದ್ದ ಊರುಗಳಲ್ಲಿ ಅದೂ ಒಂದು. ನಿಜವಾದ ನೀರು ತಂದು ಆ ಅಂದಾಜು ಅಳಿಸುವುದೇ ನಮ್ಮ ಉದ್ದೇಶವಾಗಿತ್ತು. ಒಳ್ಳೆಯ ಉದ್ದೇಶ ಇಟ್ಟುಕೊಂಡು ಹೋದವರಿಗೆ ಏನೂ ಆಗುವುದಿಲ್ಲ ಎಂದು ನಾನು ಆಗ ನಂಬಿದ್ದೆ.

ಊರೊಳಗೆ ಜೀಪು ತಿರುಗಿದಾಗ ಒಂದು ಮನೆಯ ಮುಂದೆ ಚಪ್ಪರ ಏಳುತ್ತಿತ್ತು. ಗಂಡಿನ ಮನೆಯಲ್ಲೇ ಮದುವೆ ಮಾಡುವ ಪದ್ಧತಿ ಅವರದ್ದು. ಒಬ್ಬ ಹುಡುಗ ಚಪ್ಪರದ ಮೇಲೆ ಕೂತು ತೆಂಗಿನ ಗರಿ ಕಟ್ಟುತ್ತಿದ್ದ. ಕೆಳಗೆ ಒಬ್ಬ ದಪ್ಪ ಮೀಸೆಯ ಮನುಷ್ಯ, ಬೈಕಿನಿಂದ ಇಳಿಯದೆ, ಒಂದು ಕಾಲು ನೆಲಕ್ಕೂರಿ, ಫೋನನ್ನು ಎಲ್ಲರ ಮುಖಕ್ಕೂ ಹಿಡಿದು ಕೂಗುತ್ತಿದ್ದ.

"ಚೂಡಂಡಿ! ಊರೆಲ್ಲ ಎರುಪು, ಬರೀ ಕೆಂಪು! ಇಂಥ ಊರಿಗೆ ನಮ್ಮ ಹುಡುಗೀನ ಕೊಟ್ಟು ಅವಳು ಮುಪ್ಪಾಗೋಕೆ ಮುಂಚೆ ಬಗ್ಗಿ ನಡೀಬೇಕಾ?"

ಆತ ಹೆಣ್ಣಿನ ಸೋದರಮಾವ. ಪಾವಗಡದ ಕಡೆ ಹೆಣ್ಣಿನ ಊರಿನವನೇ, ಆದ್ದರಿಂದ ಸಿಟ್ಟು ಬಂದಾಗ ತೆಲುಗು ತಾನಾಗಿ ಬರುತ್ತಿತ್ತು. ಅವನಿಗೆ ಎದುರಾಗಿ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದವಳು ಗಂಡಿನ ಸೋದರತ್ತೆ. ಎಪ್ಪತ್ತರ ಹತ್ತಿರದ ಹೆಂಗಸು. ಆ ಮನೆಯಲ್ಲಿ ಅವಳ ಮಾತೇ ಕೊನೆ ಮಾತು ಎನ್ನುವುದು ಉಳಿದವರು ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಬೀಗ್ರೇ, ಫೋನ್ ನೋಡಿ ಮದ್ವೆ ಬುಡೋದಾದ್ರೆ ಫೋನಿಗೇ ತಾಳಿ ಕಟ್ಸಿ. ಯಾವ ಮುಂಡೇಮಗ ಬಂದು ನಮ್ಮೂರ ನೀರು ಮುಟ್ ನೋಡವ್ನೆ? ಬಣ್ಣ ಹೆಂಗೆ ಬಳುದ್ರು?"

ನನಗೂ ಒಳಗೊಳಗೇ ಸರಿ ಅನ್ನಿಸಿತು. ಅಷ್ಟರಲ್ಲಿ ಅವಳ ಕಣ್ಣು ನಮ್ಮ ಜೀಪಿನ ಮೇಲೆ ಬಿತ್ತು. ಮುಂದಿನ ಗಾಜಿನ ಮೇಲೆ 'ನೀರು ಮತ್ತು ಆರೋಗ್ಯ ಸಮೀಕ್ಷೆ' ಎಂದು ನಾವೇ ದಪ್ಪ ಅಕ್ಷರದಲ್ಲಿ ಅಂಟಿಸಿದ್ದೆವು.

"ಓಹೋ, ಬಣ್ಣ ಬಳ್ಯೋರೇ ಬಂದವ್ರೆ" ಎಂದಳು.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಯಾರೋ ಜೀಪಿನ ಕೀ ಕಿತ್ತುಕೊಂಡರು. ಹಿಂದೆ ಒಂದು ಟ್ರ್ಯಾಕ್ಟರ್ ಅಡ್ಡ ಬಂತು. ನಾನು ನಕ್ಷೆಯ ಬಗ್ಗೆ ವಿವರಿಸಲು ಹೋದೆ. ಅಂದಾಜು, ಅಕ್ಕಪಕ್ಕದ ಊರು, ಕಂಪ್ಯೂಟರ್ ಎಂದೆಲ್ಲ ಹೇಳಿದೆ. ಒಬ್ಬ ಕೇಳಿದ: "ಅಂದ್ರೆ ಪಕ್ಕದೂರೋರಿಗೆ ಭೇದಿಯಾದ್ರೆ ನಮಗೆ ಮಾತ್ರೆ ಕೊಡ್ತೀರೇನಮ್ಮ?" ನಾನು ಪರೀಕ್ಷೆಯ ಪೆಟ್ಟಿಗೆ ಎತ್ತಿಕೊಂಡೆ.

ಅತ್ತೆ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು. "ಬೀಗ್ರೂ ಇಲ್ಲೇ ಅವ್ರೆ, ಊರೂ ಇಲ್ಲೇ ಐತೆ. ನಮ್ಮ ನೀರು ಈಗ್ಲೇ ನೋಡ್ಬುಡು ಅಮ್ಮಿ. ಒಳ್ಳೇದಾದ್ರೆ ಶುಕ್ರವಾರ ಧಾರೆ. ಕೆಟ್ಟದ್ದಾದ್ರೆ ಚಪ್ಪರ ಕಿತ್ತಾಕ್ತೀವಿ. ಕೆಂಪು ಅಂದ್ರೆ ಕೆಟ್ಟದ್ದು ತಾನೆ?"

ನಾನು ಪೆಟ್ಟಿಗೆಯಿಂದ ಗಾಜಿನ ಕೊಳವೆ ತೆಗೆಯುತ್ತಿದ್ದೆ. ಮನಸ್ಸಿನಲ್ಲಿ ನಕ್ಷೆಯೇ ಇತ್ತು. "ಹೌದು" ಎಂದುಬಿಟ್ಟೆ.

"ಕೇಳಿಸ್ಕೊಂಡ್ರಾ? ಕೆಂಪು ಬಂದ್ರೆ ಕೆಟ್ಟದ್ದು" ಎಂದು ಅವಳು ಹಿಂದಿನ ಸಾಲಿನವರಿಗೂ ಕೇಳುವ ಹಾಗೆ ಕೂಗಿದಳು.

ಮನೆಯೊಳಗಿಂದ ಒಂದು ಬಿಂದಿಗೆ ನೀರು ಬಂತು. ತಲಪರಿಗೆಯ ನೀರು. ಊರಾಚೆ ಹಳ್ಳದ ಮರಳಲ್ಲಿ ತಾನಾಗಿ ಉಕ್ಕುವ ಒರತೆಗೆ ಕಾಲುವೆ ತೋಡಿ ಹರಿಸಿಕೊಳ್ಳುವುದನ್ನು ನಮ್ಮ ಕಡೆ ತಲಪರಿಗೆ ಎನ್ನುತ್ತಾರೆ. ಬಹಳ ಊರುಗಳಲ್ಲಿ ಅವು ಮುಚ್ಚಿಹೋಗಿವೆ. ಈ ಊರಿನವರು ವರ್ಷ ವರ್ಷ ಹೂಳು ತೆಗೆದು ಅದನ್ನೇ ಕುಡಿಯುತ್ತಿದ್ದರು. ಕಂಪ್ಯೂಟರ್ ಲೆಕ್ಕ ಹಾಕಿದ್ದು ಸುತ್ತಲ ಊರುಗಳ ಆಳದ ಬೋರ್‌ವೆಲ್ ನೀರನ್ನು ನೋಡಿ. ಬಿಂದಿಗೆ ನೋಡಿದಾಗಲೇ ನನಗೆ ಸಮಾಧಾನವಾಯಿತು. ಈ ನೀರು ಒಳ್ಳೆಯದೇ ಇರುತ್ತದೆ, ಮದುವೆ ಉಳಿಯುತ್ತದೆ, ನನಗೂ ಊಟ ಸಿಗಬಹುದು ಎಂದುಕೊಂಡೆ.

ಕೊಳವೆಗೆ ನೀರು ಹಾಕಿ, ದ್ರಾವಣದ ಹನಿ ಬಿಟ್ಟು, ಅಲ್ಲಾಡಿಸಿದೆ. ಅದು ಚೆಂದದ ಗುಲಾಬಿ ಕೆಂಪಾಗಿ ನಿಂತಿತು.

ಇಲ್ಲಿ ಒಂದು ಮಾತು. ಈ ಪರೀಕ್ಷೆಯಲ್ಲಿ ನೀರು ಒಳ್ಳೆಯದಿದ್ದರೆ ಕೆಂಪು ಹಾಗೇ ಉಳಿಯುತ್ತದೆ. ಫ್ಲೋರೈಡ್ ಹೆಚ್ಚಿದ್ದರೆ ಹಳದಿಗೆ ತಿರುಗುತ್ತದೆ. ಪರೀಕ್ಷೆಯ ಪೆಟ್ಟಿಗೆ ಮಾಡಿದವರಿಗೂ ನಕ್ಷೆಗೆ ಬಣ್ಣ ಆರಿಸಿದವರಿಗೂ ಪರಸ್ಪರ ಪರಿಚಯವಿಲ್ಲ. ನಾನು ದಿನಾ ಎರಡನ್ನೂ ನೋಡುವವಳು, ನನಗೆ ಅದೊಂದು ವಿಷಯ ಅಂತಲೇ ಅನ್ನಿಸಿರಲಿಲ್ಲ. ಕೊಳವೆಯನ್ನು ಬಿಸಿಲಿಗೆ ಎತ್ತಿ ಹಿಡಿದು, ನಗುನಗುತ್ತಾ ಅತ್ತೆಯ ಕಡೆ ತಿರುಗಿದೆ. ಯಾರೂ ನಗುತ್ತಿರಲಿಲ್ಲ.

"ಅದಿಗೋ ಎರುಪು!" ಎಂದ ಸೋದರಮಾವ.

ಒಂದು ಕಲ್ಲು ಬಂದು ಜೀಪಿನ ಪಕ್ಕದ ಕನ್ನಡಿ ಒಡೆಯಿತು. ಹುಡುಗರು ನುಗ್ಗಿದರು. ನಾನು ಹಿಂದೆ ಹಿಂದೆ ಸರಿದು ದನದ ನೀರಿನ ಕಲ್ಲುತೊಟ್ಟಿಗೆ ಒತ್ತಿಕೊಂಡೆ. ಭಾಯಿ ನನ್ನ ಮುಂದೆ ಬಂದು, ಐಸ್ ಪೆಟ್ಟಿಗೆಯ ಮುಚ್ಚಳವನ್ನು ಗುರಾಣಿಯ ಹಾಗೆ ಹಿಡಿದು, "ಅರೆ ಲೇಡೀಸ್ ಅವ್ರೆ, ಶರಮ್ ಇಲ್ವಾ!" ಎಂದು ಕೂಗುತ್ತಿದ್ದರು. ಅದು ಥರ್ಮೊಕೋಲಿನ ಮುಚ್ಚಳ. ಆಗ ಚಪ್ಪರದ ಕಂಬಕ್ಕೆ ಗುಣಿ ತೋಡುತ್ತಿದ್ದ ಒಬ್ಬ ದೊಡ್ಡ ಆಳು, ಗಂಡಿನ ಚಿಕ್ಕಪ್ಪ, ಹಾರೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆತ್ತಿದ. ಅದರ ತುದಿಗೆ ಅಂಟಿದ್ದ ಹಸಿ ಮಣ್ಣು ಒಂದೊಂದೇ ಹೆಂಟೆಯಾಗಿ ಉದುರಿದ್ದು ನನಗೆ ಈಗಲೂ ಕಾಣುತ್ತದೆ. ಹಲ್ಲುಜ್ಜುವಾಗ ಕಾಣುತ್ತದೆ, ಬಸ್ಸಿನಲ್ಲಿ ಕಾಣುತ್ತದೆ. ಅವನು ಆಮೇಲೆ, "ಹೆಗಲ ಮ್ಯಾಲೆ ಇಟ್ಕಳ್ಳಾನ ಅಂತ ಎತ್ತಿದ್ದು ಕಣವ್ವ" ಎಂದ. ಇರಬಹುದು. ಆದರೆ ಹೆಗಲು ಅಷ್ಟು ಎತ್ತರದಲ್ಲಿ ಇರಲಿಲ್ಲ.

"ಕೆಂಪು ಬಂದರೆ ಒಳ್ಳೇದು! ಕೆಂಪು ಬಂದರೆ ಒಳ್ಳೇದು!" ಎಂದು ನಾನು ಕಿರುಚಿದೆ.

"ಈಗ ತಾನೆ ಕೆಟ್ಟದ್ದು ಅಂದ್ಯಲ್ಲೇ!" ಎಂದಳು ಅತ್ತೆ.

"ಅದು ನಕ್ಷೇಲಿ! ಕೊಳವೇಲಿ ಉಲ್ಟಾ!"

ಇದಕ್ಕಿಂತ ಸತ್ಯವಾದ ಮಾತನ್ನು ನಾನು ಜೀವನದಲ್ಲಿ ಆಡಿಲ್ಲ. ಇದಕ್ಕಿಂತ ಸುಳ್ಳಿನ ಹಾಗೆ ಕೇಳಿಸಿದ ಮಾತನ್ನೂ ಆಡಿಲ್ಲ. ಹಾರೆ ಇನ್ನೂ ಮೇಲೇ ಇತ್ತು.

ನನ್ನನ್ನು ಉಳಿಸಿದ್ದು ಒಂದು ಸ್ಕೂಟಿಯ ಹಾರನ್. ಗುಂಪಿನ ನಡುವೆಯೇ ನುಗ್ಗಿ ಬಂದ ಹುಡುಗಿ ಹೆಲ್ಮೆಟ್ ತೆಗೆದಳು. ಮದುಮಗಳು! ದಿನಾ ತನ್ನೂರಿಂದ ಬಸ್ಸಿನಲ್ಲಿ ಬಂದು ಮಧುಗಿರಿಯ ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವವಳು. ಅವಳಿಗೂ ಅದೇ ಮೆಸೇಜ್ ಬಂದಿತ್ತು. ಮಾವ ಮದುವೆ ಮುರಿಯಲು ಹೊರಟಿದ್ದಾನೆಂದು ತಿಳಿದು, ಅಂಗಡಿಯವರ ಸ್ಕೂಟಿ ತಗೊಂಡು ಬಂದಿದ್ದಳು. ಜನ ನನ್ನನ್ನು ಮರೆತೇಬಿಟ್ಟರು. ಹಾರೆ ತಾನಾಗಿ ಕೆಳಗಿಳಿಯಿತು.

"ಧಾರೆಗೆ ಮುಂಚೆ ಹೆಣ್ಣು ಗಂಡಿನ ಮನೆ ಬಾಗ್ಲಿಗೆ ಬರೋದುಂಟೇನೇ ತಾಯಿ!" ಎಂದು ಅತ್ತೆ ಕೆನ್ನೆಗೆ ಕೈ ಹಚ್ಚಿದಳು.

"ಬಾಗ್ಲಿಗೆ ಬಂದಿಲ್ಲ ಅತ್ತೆ, ರೋಡಲ್ಲಿದೀನಿ" ಎಂದಳು ಹುಡುಗಿ. ಮಾತಾಡುವಾಗ ಕೈ ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ನಾಚಿಕೆ ಎಂದು ಉಳಿದವರು ಅಂದುಕೊಂಡಿರಬೇಕು. ಶಾಲೆ ಶಾಲೆಗಳಲ್ಲಿ ಹಲ್ಲು ನೋಡಿದ ನನಗೆ ಅದೇನೆಂದು ಗೊತ್ತಾಯಿತು. ಅವಳು ಚೀಲದಿಂದ ನೀರಿನ ಬಾಟಲಿ ತೆಗೆದು ನನಗೆ ಕೊಟ್ಟಳು. "ಮೇಡಂ, ಇದು ಬೆಳಿಗ್ಗೆ ಮನೆಯಿಂದ ತಂದಿದ್ದು. ನಮ್ಮೂರ ನೀರು. ಇದನ್ನೂ ನೋಡಿ."

ಇನ್ನೊಂದು ಕೊಳವೆಗೆ ಆ ನೀರು ಹಾಕಿದೆ. ಹನಿ ಬಿಟ್ಟೆ. ಕೊಳವೆ ಕೆಂಪು ಬಿಟ್ಟು ಅಚ್ಚ ಹಳದಿಗೆ ತಿರುಗಿತು.

ಸೋದರಮಾವ ಬೈಕಿನಿಂದ ಕೊನೆಗೂ ಇಳಿದ. "ಪಸುಪು! ಅರಿಶಿನ! ನೋಡ್ಕಳ್ಳಿ ನಮ್ಮ ನೀರು! ಕುಕ್ಕರ್ ಮೂರು ಸೀಟಿ ಹೊಡೆದ್ರೆ ಬೇಳೆ ಕರಗೋಗುತ್ತೆ!" ಅವನ ಬೇಳೆಯ ಮಾತು ನಿಜ. ಫ್ಲೋರೈಡ್ ಹೆಚ್ಚಿರುವ ನೀರು ಎಷ್ಟೋ ಕಡೆ ಮೆದುವಾಗಿರುತ್ತದೆ, ಬೇಳೆ ಬೆಣ್ಣೆಯಾಗುತ್ತದೆ. ಆದ್ದರಿಂದಲೇ ಅದನ್ನು ಕೆಟ್ಟದ್ದೆಂದು ಯಾವ ಅಡುಗೆಮನೆಯೂ ಒಪ್ಪುವುದಿಲ್ಲ.

ಬಣ್ಣದ ಬಗ್ಗೆ ಇನ್ನೊಂದು ಮಾತಾಡಿದರೆ ಹಾರೆ ಮತ್ತೆ ಏಳುತ್ತದೆ ಎಂದು ನನಗೆ ಗೊತ್ತಿತ್ತು. ಆಗ ದಿನಾ ಜಗಲಿಗಳಲ್ಲಿ ಮಾಡಿಸುವ ಕೆಲಸ ನೆನಪಾಯಿತು. ಫ್ಲೋರೈಡ್ ಮೂಳೆಗೆ ಇಳಿದಿದೆಯೇ ಎಂದು ನೋಡಲು ಮೂರು ಸಣ್ಣ ಕಸರತ್ತು ಇವೆ. "ಬಣ್ಣ ಬಿಡಿ. ಮೈಯನ್ನೇ ಕೇಳೋಣ. ಎರಡೂ ಊರಿನವರು ನಾನು ಮಾಡಿದ ಹಾಗೆ ಮಾಡಿ" ಎಂದೆ. ಮೊದಲು ಗದ್ದವನ್ನು ಎದೆಗೆ ತಾಗಿಸಿದೆ.

ಅತ್ತೆ ತಾಗಿಸಿದಳು. ಸೋದರಮಾವನ ಗದ್ದ ಅರ್ಧ ದಾರಿಯಲ್ಲಿ ನಿಂತಿತು. "ಮೀಸೆ ಅಡ್ಡ ಬರುತ್ತೆ" ಎಂದ.

"ಮೀಸೆ ಮೇಲಕ್ಕೆತ್ಕಳ್ಳಿ ಬೀಗ್ರೇ, ಹಿಡ್ಕತೀನಿ" ಎಂದ ಒಬ್ಬ ಹುಡುಗ.

ಎರಡನೆಯದು, ಎರಡೂ ಕೈಯನ್ನು ತಲೆಯ ಹಿಂದೆ ಕಟ್ಟುವುದು. ಸೋದರಮಾವನ ಕೈ ಕಿವಿಯ ಹತ್ತಿರ ಬಂದು, "ಶರ್ಟು ಬಿಗಿ" ಎಂದು ವಾಪಸಾಯಿತು. ಮೂರನೆಯದು, ಮಂಡಿ ಮಡಿಸದೆ ಬಗ್ಗಿ ಕಾಲಿನ ಬೆರಳು ಮುಟ್ಟುವುದು. ಅತ್ತೆ ಸೆರಗು ಬಿಗಿದು, ಕಳೆ ಕೀಳಲು ಬಗ್ಗಿದ ಹಾಗೆ ಬಗ್ಗಿ ಎರಡೂ ಅಂಗೈಯನ್ನು ನೆಲಕ್ಕೆ ಇಟ್ಟಳು. ಅಷ್ಟಕ್ಕೇ ಬಿಡದೆ ಅಲ್ಲಿದ್ದ ಒಂದು ಕಡ್ಡಿ ಎತ್ತಿಕೊಂಡು, ಹಲ್ಲಿಗೆ ಸಿಕ್ಕಿಸಿ, ಎದ್ದು ನಿಂತಳು. ಅವಳಿಗಿಂತ ಇಪ್ಪತ್ತೈದು ವರ್ಷ ಚಿಕ್ಕವನಾದ ಸೋದರಮಾವ ಬಗ್ಗಿದ, ತೊಡೆಯವರೆಗೆ ಬಂದ, ಅಲ್ಲೇ ನಿಂತ. ಮೇಲೇಳಲೂ ಆಗಲಿಲ್ಲ. ಭಾಯಿ ಮುಚ್ಚಳ ಕೆಳಗಿಟ್ಟು ಹೋಗಿ ಅವನ ತೋಳು ಹಿಡಿದು ಎಬ್ಬಿಸಿದರು. ಊರೆಲ್ಲ ಕಸರತ್ತಿಗೆ ಇಳಿದಿತ್ತು. ಕಲ್ಲು ಹೊಡೆದ ಹುಡುಗ ನನ್ನ ಮುಂದೆ ಬಂದು ಬಗ್ಗಿ, "ನಂದು ಸರಿ ಐತಾ ಮೇಡಂ?" ಎಂದು ಕೇಳಿದ. ಕನ್ನಡಿ ಒಡೆದವನಿಗೆ ನಾನೇ ಆರೋಗ್ಯದ ಸರ್ಟಿಫಿಕೇಟ್ ಕೊಟ್ಟೆ.

ಸೋದರಮಾವ ಬೈಕಿಗೆ ಒರಗಿ ಸೊಂಟ ನೀವಿಕೊಳ್ಳುತ್ತಿದ್ದ. ಹುಡುಗಿ ಅವನ ಹತ್ತಿರ ಹೋಗಿ ಬಾಯಿಯಿಂದ ಕೈ ತೆಗೆದಳು. ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳು ಅಡ್ಡಡ್ಡ ಇದ್ದವು. "ಮಾವ, ಆ ಅರಿಶಿನ ಇದೇ. ಅಮ್ಮನ ಮಂಡಿಯಲ್ಲಿರೋದೂ ಇದೇ. ನಾನು ಈ ಮದುವೆಗೆ ಒಪ್ಪಿದ್ದೇ ಈ ಊರ ಮಕ್ಕಳ ಹಲ್ಲು ನೋಡಿ."

ಈಗ ಅತ್ತೆಯ ಮುಖ ಬದಲಾಯಿತು. ಗೆದ್ದ ಖುಷಿ ಇಳಿದು ಬೇರೆ ಯೋಚನೆ ಹತ್ತಿತು. ಹಿಂದೆ ಯಾರೋ ಹೆಂಗಸು, "ಹಂಗಾರೆ ಕೆಟ್ಟ ನೀರು ಹೆಣ್ಣಿನ ಮೈಯಾಗೇ ಐತಲ್ಲ" ಎಂದಳು. ಹುಡುಗಿಗೂ ಅದು ಕೇಳಿಸಿತು. ಗಂಡಿನ ಕಡೆಯಿಂದ ಮುರಿಯುವ ಸರದಿ ಬಂದಿತ್ತು. ಅವಳು ಅತ್ತೆಯನ್ನು ನೋಡದೆ ನನ್ನನ್ನು ಕೇಳಿದಳು: "ನನಗೆ ಹುಟ್ಟೋ ಮಕ್ಕಳಿಗೂ ಹಿಂಗೇ ಇರುತ್ತಾ ಮೇಡಂ?"

"ಇಲ್ಲ. ಇದು ವಂಶದಲ್ಲಿ ಬರೋದಲ್ಲ. ಹಲ್ಲು ಮೂಡೋ ವಯಸ್ಸಲ್ಲಿ ಮಗು ಯಾವ ನೀರು ಕುಡಿಯುತ್ತೋ ಅದರಿಂದ ಬರೋದು. ಇಲ್ಲಿ ಹುಟ್ಟಿ ಈ ನೀರು ಕುಡಿದ ಮಗುವಿಗೆ ಈ ಗೆರೆ ಬರಲ್ಲ" ಎಂದೆ, ಎಲ್ಲರಿಗೂ ಕೇಳುವ ಹಾಗೆ.

ಅತ್ತೆ ನನ್ನ ಕಡೆ ತಿರುಗಿದಳು. "ಇದು ನಕ್ಷೇದಾ ಕೊಳವೇದಾ?" ಎಂದಳು.

"ಎರಡರದ್ದೂ ಅಲ್ಲ ಅಮ್ಮಾ. ಇದು ನಿಜ."

ಅವಳು ಆ ಹೆಂಗಸಿನ ಕಡೆ ತಿರುಗಿ, "ಹಲ್ಲು ಹಿಡ್ದು ನೋಡಕ್ಕೆ ಎಮ್ಮೆ ಯಾಪಾರ ಮಾಡ್ತಾ ಇದೀವೇನೇ?" ಎಂದು ಗದರಿಸಿ, ತಲೆಯೆತ್ತಿ ಚಪ್ಪರದ ಕಡೆ ಕೂಗಿದಳು: "ಏನ್ಲಾ, ನೀನೇನಂತೀಯ?"

ಆಗಲೇ ನನಗೂ ಭಾಯಿಗೂ ಗೊತ್ತಾದದ್ದು, ಅಷ್ಟು ಹೊತ್ತೂ ಮೇಲೆ ಕೂತು ಗರಿ ಕಟ್ಟುತ್ತಿದ್ದವನೇ ಮದುಮಗ. ಗಲಾಟೆಯಲ್ಲಿ ಯಾರೋ ಏಣಿ ಎತ್ತಿಕೊಂಡು ಹೋಗಿದ್ದರಿಂದ ಇಳಿಯಲು ಆಗಿರಲಿಲ್ಲವಂತೆ. ಅವನು ಹುಡುಗಿಯನ್ನು ನೋಡಿ, "ಏಣಿ ಕೊಟ್ರೆ ಹೇಳ್ತೀನಿ" ಎಂದ. ಅವಳು ಕೈ ಅಡ್ಡ ಹಿಡಿಯದೆ ನಕ್ಕಳು. ಕೀ ವಾಪಸ್ ಬಂತು. ಊಟಕ್ಕೆ ಕರೆದರು, ನಾನು ಆಗಲೇ ಜೀಪು ಹತ್ತಿ ಕೂತಿದ್ದೆ, ಇಳಿಯಲಿಲ್ಲ.

ಶುಕ್ರವಾರ ಧಾರೆಯಾಯಿತು. ನಾನು ಹೋಗಲಿಲ್ಲ, ಭಾಯಿ ಹೋಗಿ ಎರಡು ಪಂಕ್ತಿ ಊಟ ಮಾಡಿ ಬಂದರು. ನಾನು ಆಫೀಸಿನಲ್ಲಿ ಕೂತು, ನಾವು ಹೋಗದ ಊರುಗಳ ಬಣ್ಣವನ್ನೆಲ್ಲ ತೆಗೆದು ಬಿಳಿ ಬಿಟ್ಟೆ. ಪುರವರ ಕಡೆಯ ಆ ಊರಿಗೆ ಒಂದು ಹಸಿರು ಚುಕ್ಕೆ ಇಟ್ಟೆ. ನಮ್ಮ ಮೇಲಿನವರು ನೋಡಿ, "ಏನಮ್ಮಾ ಇದು, ಕೂದಲು ಉದುರಿದ ತಲೆ ಇದ್ದಂಗಿದೆ" ಎಂದರು. ಇರಲಿ ಸಾರ್, ಬೋಳು ತಲೆಗೆ ಯಾರೂ ಕಲ್ಲು ಹೊಡೆಯಲ್ಲ ಎಂದೆ. ಆ ಹೊಸ ನಕ್ಷೆಯನ್ನು ಚಿಕ್ಕಮ್ಮನಿಗೆ ಕಳಿಸಿದೆ. ಅವರು ಅದನ್ನು ಯಾರಿಗೂ ಕಳಿಸಲಿಲ್ಲ. ತಲೆಬುರುಡೆ ಇರಲಿಲ್ಲವಲ್ಲ.

ನಿದ್ದೆ ಮಾತ್ರ ಹೋಗಿತ್ತು. ಕಣ್ಣು ಮುಚ್ಚಿದರೆ ಮಣ್ಣಿನ ಹೆಂಟೆ ಉದುರುತ್ತಿತ್ತು. ಅಡುಗೆಮನೆಯಲ್ಲಿ ಸೌಟು ಬಿದ್ದರೆ ನಾನು ಬೀರುವಿಗೆ ಒತ್ತಿ ನಿಲ್ಲುತ್ತಿದ್ದೆ. ಡಾಕ್ಟರು ನಡೆದಾಡಿ ಎಂದರು. ನಾನು ಮಾಡುತ್ತಿದ್ದ ಕೆಲಸವೇ ಅದು.

ಹೀಗಿರುವಾಗ ಒಂದು ದಿನ ಆ ಹುಡುಗಿ ಫೋನ್ ಮಾಡಿದಳು. ಹೆಣ್ಣುಮಗಳು ಗಂಡನ ಮನೆಗೆ ಹೋಗುವಾಗ ತವರಿನವರು ಮಡಿಲಕ್ಕಿ ಕಟ್ಟುತ್ತಾರೆ. ಗಂಡಿನ ಮನೆಯ ಆ ಸೋದರತ್ತೆ ಈಗ ತಿರುಗಾ ಮಡಿಲು ತುಂಬಲು ಹೊರಟಿದ್ದಳು. ತವರಿನ ತಾಯಿಗೆ ತಲಪರಿಗೆಯ ನೀರು, ಕ್ಯಾನು ಕ್ಯಾನು. ಬಸ್ಸಿನವನು ಅಷ್ಟು ಕ್ಯಾನು ಹತ್ತಿಸುವುದಿಲ್ಲ ಎಂದಿದ್ದಾನೆ, ಮೇಡಂ ಜೀಪು ಪಾವಗಡ ಕಡೆ ಹೋಗುವಾಗ ಹಾಕಿಕೊಳ್ಳುತ್ತಾರಾ? ಇಲ್ಲ ಎನ್ನಲು ಬಾಯಿ ತೆರೆದೆ, ಆಯಿತು ಎಂಬ ಮಾತು ಬಂತು. ಕ್ಯಾನುಗಳನ್ನು ಜೀಪಿಗೆ ಏರಿಸಿದವನು ಹಾರೆಯ ಚಿಕ್ಕಪ್ಪನೇ. ನಾನು ಗಾಜು ಏರಿಸಿಕೊಂಡು ಕೂತಿದ್ದೆ. ಅವನು ಹೊರಗಿನಿಂದಲೇ, "ಹುಷಾರಾಗಿ ಹೋಗ್ಬುಟ್ಟು ಬನ್ನಿ ಅವ್ವ" ಎಂದ.

ಹುಡುಗಿಯ ತಾಯಿ ಗೋಡೆ ಹಿಡಿದು ಬಾಗಿಲಿಗೆ ಬಂದಳು. ಸೋದರಮಾವ ಕ್ಯಾನು ಇಳಿಸಲು ಬಗ್ಗಲಾರದೆ, "ಎಡಕ್ಕೆ, ಎಡಕ್ಕೆ" ಎಂದು ಭಾಯಿಗೆ ದಾರಿ ಹೇಳಿದ. ನೀರು ನಿಜವಾಗಿ ಬಂತು ಎನ್ನುವುದನ್ನು ನೋಡಿದ ಮೇಲೆ ಆಕೆ ಅದರಲ್ಲೇ ನಮಗೆ ಅಡುಗೆ ಮಾಡುತ್ತೇನೆಂದು ಹಟ ಹಿಡಿದಳು. ಕುಕ್ಕರ್ ಎಷ್ಟು ಕೂಗಿದರೂ ತೊಗರಿಬೇಳೆ ಕಲ್ಲಿನ ಹಾಗೇ ಉಳಿಯಿತು.

"ಏಮಮ್ಮಾ, ಇದೇನು ನೀರು ತಂದ್ಬುಟ್ಟೆ? ಬೇಳೆನೇ ಬೇಯಲ್ವಲ್ಲ! ನನ್ನ ಮಗಳು ದಿನಾ ಇದ್ರಲ್ಲೇ ಬೇಯಿಸ್ತಾಳಾ?"

"ಅವಳು ಅವರೆಕಾಳು ಹುಳಿ ಮಾಡೋದು ಕಲಿತಿದ್ದಾಳೆ" ಎಂದೆ, ಏನೋ ಹೇಳಬೇಕಲ್ಲ ಎಂದು.

"ಹಲ್ಲಾದ್ರೂ ಉಳೀಲಿ ಬುಡು" ಎಂದು ಆಕೆ ಒಂದು ಲೋಟ ನೀರು ತುಂಬಿಕೊಂಡು, ನಿಂತಲ್ಲೇ ಪೂರ್ತಿ ಕುಡಿದಳು. ಆಮೇಲೆ ಇನ್ನೊಂದು ಲೋಟ. ಬಾಯಿ ಒರೆಸಿಕೊಂಡು ನನಗೂ ಚಾಪೆ ಹಾಕಿ, "ಬೇಯೋವರ್ಗೂ ಒರಗ್ಕೋ ತಾಯಿ, ಹೊತ್ತಾಗುತ್ತೆ" ಎಂದಳು. ನಾನು ಸುಮ್ಮನೆ ಒರಗಿದೆ. ಅವಳು ಒಳಗೆ ಸೌಟಿನಿಂದ ಬೇಳೆ ಕುಟ್ಟುತ್ತಿದ್ದ ಸದ್ದು ಕೇಳುತ್ತಿತ್ತು.

ಎದ್ದಾಗ ಬಿಸಿಲು ಮುಖಕ್ಕೆ ಬಿದ್ದಿತ್ತು. ಸಂಜೆಯ ಬಿಸಿಲು ಎಂದುಕೊಂಡೆ. ಭಾಯಿ ಜಗಲಿಯಲ್ಲಿ ಹಲ್ಲುಜ್ಜುತ್ತಿದ್ದರು.